ತೆರಿಗೆ ಮಾಫಿ ನೋಡಿ ಬಂದವರು ಯಾರು?

ಕಾನೂನಿನ ಲೆಕ್ಕದಲ್ಲಿ ನಾನು ದಿನಾ ಬೆಳಗ್ಗೆ ಒಂಬತ್ತೂವರೆಗೆ ದೇಶ ಬಿಟ್ಟು ಹೋಗ್ತೀನಿ, ಸಂಜೆ ಏಳಕ್ಕೆ ವಾಪಸ್ ಬರ್ತೀನಿ. ಪಾಸ್‌ಪೋರ್ಟ್ ಬೇಕಿಲ್ಲ, ಕೊರಳಿಗೆ ನೇತುಹಾಕಿದ ಐಡಿ ಕಾರ್ಡ್ ಸಾಕು. ಔಟರ್ ರಿಂಗ್ ರೋಡಿನ ಪಕ್ಕದ ನಮ್ಮ ಕ್ಯಾಂಪಸ್ ಒಂದು ವಿಶೇಷ ಆರ್ಥಿಕ ವಲಯ, ಎಲ್ಲರ ಬಾಯಲ್ಲಿ ಎಸ್‌ಇಝಡ್. 2005ರ ಕಾಯ್ದೆ ಪ್ರಕಾರ ಆ ಗೇಟಿನ ಒಳಗಿನ ಜಾಗ ಭಾರತದ ಸುಂಕದ ಗಡಿಯಿಂದ ಆಚೆ ಇದೆ. ಹೊರಗಿಂದ ಒಂದು ಕುರ್ಚಿ ಒಳಗೆ ಹೋದರೆ ಅದು ರಫ್ತು. ಒಳಗಿಂದ ಒಂದು ಲ್ಯಾಪ್‌ಟಾಪ್ ಆಚೆ ಬರಬೇಕಾದರೆ ಅದಕ್ಕೊಂದು ಕಾಗದ, ಸಹಿ, ಸೀಲು. ಗೇಟಿನ ಎದುರಿಗಿರೋ ಟೀ ಗಾಡಿ ಮಾತ್ರ ಇಂಡಿಯಾ.

ಈ ವಿದೇಶದ ಕೆಫೆಟೇರಿಯಾದಲ್ಲಿ ಒಂದು ಮಾತು ವಾರಕ್ಕೊಂದು ಸಲವಾದರೂ ಊಟದ ತಟ್ಟೆ ಮುಂದೆ ಬಂದು ಕೂರುತ್ತೆ. "ಚೈನಾ ನೋಡ್ರೀ. ಜಾಗ ಕೊಟ್ರು, ಟ್ಯಾಕ್ಸ್ ಬಿಟ್ರು, ಫಾರಿನ್ ಕಂಪನಿಗಳು ಸಾಲುಗಟ್ಟಿ ಬಂದ್ವು. ನಮ್ಮಲ್ಲಿ ಒಂದು ಎಕರೆ ತಗೊಳ್ಳೋಕೆ ಹೋದ್ರೆ ಹಸಿರು ಶಾಲು ಹಾಕ್ಕೊಂಡು ಬಂದು ಕೂತ್ಕೋತಾರೆ." ಮೇಕ್ ಇನ್ ಇಂಡಿಯಾ ಸಿಂಹ ಬಂದ ಮೇಲೆ ಈ ಮಾತಿಗೆ ಇನ್ನೂ ಉಸಿರು ಸಿಕ್ಕಿದೆ. 2014ರ ಡಿಸೆಂಬರ್ 31ಕ್ಕೆ, ನಾವೆಲ್ಲ ಹೊಸ ವರ್ಷದ ಪಾರ್ಟಿಗೆ ಬಟ್ಟೆ ಇಸ್ತ್ರಿ ಮಾಡ್ಕೊಳ್ತಿದ್ದಾಗ, ಭೂಸ್ವಾಧೀನ ಕಾಯ್ದೆಗೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕೈಗಾರಿಕಾ ಕಾರಿಡಾರ್ ಸೇರಿದಂತೆ ಐದು ಬಗೆಯ ಯೋಜನೆಗಳಿಗೆ ರೈತರ ಒಪ್ಪಿಗೆ ಕೇಳಬೇಕಾಗಿಲ್ಲ ಅನ್ನೋದು ಅದರ ತಿರುಳಾಗಿತ್ತು. ನಮ್ಮ ಟೇಬಲ್ಲಿನಲ್ಲಿ ಚಪ್ಪಾಳೆಯೊಂದು ಬಾಕಿ.

ನಾನು ಹಾಸನ ಕಡೆ ಹಳ್ಳಿಯವನು. ಅದನ್ನು ಹೇಳಿದ ತಕ್ಷಣ "ಓ, ಅದಕ್ಕೇ ನೀನು ರೈತರ ಪರ" ಅಂತ ಫೈಲ್ ಮುಚ್ಚಿಬಿಡ್ತಾರೆ. ಫೈಲ್ ಮುಚ್ಚೋ ಮುಂಚೆ ಒಂದು ಲೆಕ್ಕ ನೋಡಿ. ಜಗಳ ರೈತರ ಬಗ್ಗೆ ಆಮೇಲೆ ಆಡೋಣ. ಮೊದಲು ಆ "ಟ್ಯಾಕ್ಸ್ ಬಿಟ್ರೆ ಬರ್ತಾರೆ" ಅನ್ನೋ ಅರ್ಧ ವಾಕ್ಯವನ್ನೇ ಬಿಚ್ಚಿ ನೋಡೋಣ. ಯಾಕಂದ್ರೆ ಈ ವಲಯಗಳ ಹೆಸರಲ್ಲಿ ಈ ದೇಶ ಟ್ಯಾಕ್ಸ್ ಬಿಟ್ಟಿದ್ದು ಯಾರಿಗೆ? ನಮಗೆ. ನಾವು ಬೆಂಗಳೂರಿಗೆ ಬಂದಿದ್ದಕ್ಕೂ ಆ ಮಾಫಿಗೂ ಸಂಬಂಧವೇ ಇಲ್ಲ.

ಈ ವಲಯಗಳೇನು ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. 1959ರಲ್ಲಿ ಐರ್ಲೆಂಡಿನ ಶ್ಯಾನನ್ ವಿಮಾನ ನಿಲ್ದಾಣದ ಪಕ್ಕ ಒಂದು ಮಾಡಿದರು. ಅಟ್ಲಾಂಟಿಕ್ ದಾಟೋ ವಿಮಾನಗಳು ಮೊದಲು ಅಲ್ಲಿ ಇಳಿದು ಎಣ್ಣೆ ಹಾಕಿಸಿಕೊಳ್ತಿದ್ದವು. ಜೆಟ್ ಬಂದ ಮೇಲೆ ಇಳಿಯೋ ಅಗತ್ಯವೇ ಇಲ್ಲದೆ ಊರು ಬಣಗುಟ್ಟುತ್ತೆ ಅನ್ನೋ ಭಯಕ್ಕೆ ಮಾಡಿದ ಉಪಾಯ ಅದು. ನಮ್ಮವರೂ ಹಿಂದೆ ಬಿದ್ದಿರಲಿಲ್ಲ. 1965ರಲ್ಲೇ ಗುಜರಾತಿನ ಕಾಂಡ್ಲಾದಲ್ಲಿ ರಫ್ತು ಸಂಸ್ಕರಣಾ ವಲಯ ಶುರುವಾಯಿತು, ಏಷ್ಯಾದಲ್ಲೇ ಮೊದಲನೆಯದು. ಅಂದರೆ ಚೀನಾಕ್ಕಿಂತ ಹದಿನೈದು ವರ್ಷ ಮುಂಚೆ! ಈ ವಿಷಯ ಕೆಫೆಟೇರಿಯಾದಲ್ಲಿ ಹೇಳಿದರೆ ಯಾರೂ ನಂಬಲ್ಲ. ಕಾಂಡ್ಲಾ ಇದ್ದಲ್ಲೇ ಇತ್ತು, ಶೆನ್‌ಜೆನ್ ಎಲ್ಲಿಗೋ ಹೋಯಿತು. ಎರಡು ಕಡೆಯೂ ತೆರಿಗೆ ರಿಯಾಯಿತಿ ಇತ್ತು. ಹಾಗಾದರೆ ವ್ಯತ್ಯಾಸ ಬೇರೆ ಎಲ್ಲೋ ಇದೆ ಅಂತಾಯ್ತಲ್ಲ?

ವಲಯ ಅಂದರೆ ಕೆಲಸ ಹೇಗೆ ಮಾಡುತ್ತೆ ಅಂತ ಒಂದು ಅಂಗಿ ಇಟ್ಟುಕೊಂಡು ಹೇಳ್ತೀನಿ. ಅಂಗಿ ಹೊಲಿದು ಅಮೆರಿಕಕ್ಕೆ ಕಳಿಸೋ ಕಾರ್ಖಾನೆ ಇದೆ ಅಂತಿಟ್ಟುಕೊಳ್ಳಿ. ಬಟ್ಟೆ ಒಂದು ದೇಶದಿಂದ, ಗುಂಡಿ ಇನ್ನೊಂದು ದೇಶದಿಂದ, ಹೊಲಿಗೆ ಯಂತ್ರ ಜಪಾನಿನಿಂದ. ಮಾಮೂಲಿ ಜಾಗದಲ್ಲಾದರೆ ಪ್ರತಿಯೊಂದಕ್ಕೂ ಬಂದರಿನಲ್ಲಿ ಆಮದು ಸುಂಕ ಕಟ್ಟು, ಅಂಗಿ ರಫ್ತು ಮಾಡು, ಆಮೇಲೆ ಕಟ್ಟಿದ ಸುಂಕ ವಾಪಸ್ ಕೊಡಿ ಅಂತ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಿ. ಇಲ್ಲಾಂದ್ರೆ ಮೊದಲೇ ಲೈಸೆನ್ಸು, ಬಾಂಡು ಅಂತ ಕಚೇರಿ ಸುತ್ತು. ನೂರು ರೂಪಾಯಿ ಮಾಲಿನಲ್ಲಿ ನಾಲ್ಕೈದು ರೂಪಾಯಿ ಉಳಿಯೋ ವ್ಯಾಪಾರಕ್ಕೆ ಹೀಗೆ ದುಡ್ಡು ಸಿಕ್ಕಿಹಾಕಿಕೊಂಡರೆ ಉಸಿರು ಕಟ್ಟುತ್ತೆ. ಸೀಸನ್ ಮುಗಿದ ಮೇಲೆ ಹಡಗಿಗೆ ಹೋದ ಅಂಗಿಯನ್ನು ಯಾರೂ ಕೇಳಲ್ಲ. ಎಸ್‌ಇಝಡ್ ಒಳಗೆ ಈ ಗೋಳಿಲ್ಲ. ಸುಂಕವೇ ಇಲ್ಲದ ಮೇಲೆ ವಾಪಸ್ ಕೇಳೋ ಮಾತೆಲ್ಲಿ? ಕಸ್ಟಮ್ಸ್ ಅಧಿಕಾರಿ ಗೇಟಿನಲ್ಲೇ ಕೂತಿರ್ತಾರೆ, ಕಂಟೇನರ್ ಅಲ್ಲೇ ಸೀಲ್ ಆಗಿ ಹೊರಡುತ್ತೆ. ಕರೆಂಟು, ನೀರು, ಶೆಡ್ಡು, ರಸ್ತೆ ಸಿದ್ಧ ಇರುತ್ತೆ. ಅನುಮತಿಗಳಿಗೆ ಹತ್ತು ಇಲಾಖೆ ಬಾಗಿಲು ತಟ್ಟೋ ಬದಲು ಅಭಿವೃದ್ಧಿ ಆಯುಕ್ತರ ಒಂದೇ ಕಚೇರಿ. ಹೊರಗಿನ ಬಂಡವಾಳದವನು ಮೊದಲು ನೋಡೋದು ಇದನ್ನು. "ನನ್ನ ಮಾಲು ಹೇಳಿದ ದಿನ ಹಡಗು ಹತ್ತುತ್ತಾ?" ಅನ್ನೋದು ಅವನ ಮೊದಲ ಪ್ರಶ್ನೆ. ಲಾಭದ ಮೇಲೆ ತೆರಿಗೆ ಎಷ್ಟು ಅನ್ನೋದು ಲಾಭ ಬಂದ ಮೇಲಿನ ಪ್ರಶ್ನೆ.

ಹಾಸನದ ಹೊರವಲಯದಲ್ಲಿ ಕೆಐಎಡಿಬಿ ಮಾಡಿದ ಜವಳಿ ಎಸ್‌ಇಝಡ್ ಇದೆ. ನಮ್ಮ ಸುತ್ತಮುತ್ತಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಆ ಕಡೆಯ ಕಾರ್ಖಾನೆಗಳಿಗೆ ಕರ್ಕೊಂಡು ಹೋಗೋಕೆ ಬೆಳಗಿನ ಜಾವ ಬಸ್ಸು ಬರುತ್ತೆ. ನಮ್ಮ ದೊಡ್ಡಪ್ಪನ ಮೊಮ್ಮಗಳು ಎಸ್‌ಎಸ್‌ಎಲ್‌ಸಿ ಆದವಳು, ಅದೇ ಬಸ್ಸು ಹತ್ತಿ ಹೋಗ್ತಾಳೆ. ಕೈಗೆ ಬರೋದು ದೊಡ್ಡ ಸಂಬಳವೇನಲ್ಲ. ಕಮ್ಮಿ, ಒಪ್ಪಿದೆ. ಆದರೆ ಆ ದುಡ್ಡು ಅವಳ ಹೆಸರಿನ ಖಾತೆಗೆ ಬೀಳುತ್ತೆ, ಪಿಎಫ್ ಕಟ್ ಆಗುತ್ತೆ, ಮದುವೆ ವಿಷಯ ಎತ್ತಿದಾಗ "ಇನ್ನೆರಡು ವರ್ಷ ತಡೀರಿ" ಅಂತ ದೊಡ್ಡಪ್ಪನ ಎದುರಿಗೆ ನಿಂತು ಹೇಳೋ ಧೈರ್ಯ ಬಂದಿದೆ. ರಾಗಿ ಹೊಲದಲ್ಲಿ ಕಳೆ ಕಿತ್ತು ಈ ಧೈರ್ಯ ಬರ್ತಿರಲಿಲ್ಲ. ಹಾಗಾಗಿ ಫ್ಯಾಕ್ಟರಿಯೇ ಬೇಡ, ಹಳ್ಳಿ ಹಳ್ಳಿಯಾಗೇ ಇರಲಿ ಅಂತ ಇಂದಿರಾನಗರದ ಕಾಫಿ ಅಂಗಡಿಯಲ್ಲಿ ಕೂತು ಹೇಳೋ ಗೆಳೆಯರಿಗೂ ನನ್ನ ನಮಸ್ಕಾರ ದೂರದಿಂದಲೇ.

ಈಗ ನಮ್ಮ ಐಟಿ ಕ್ಯಾಂಪಸ್ಸಿಗೆ ಬನ್ನಿ. ನಾವು ಏನು ಆಮದು ಮಾಡ್ಕೊಳ್ತೀವಿ? ಕಂಪ್ಯೂಟರು, ಸರ್ವರು. ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲೇ ಸೇರಿದ್ದರಿಂದ ಅವುಗಳ ಮೇಲಿನ ಮೂಲ ಆಮದು ಸುಂಕ 2005ರ ಹೊತ್ತಿಗೇ ಸೊನ್ನೆ ಆಗಿತ್ತು. ನಾವು ಕಳಿಸೋ ಮಾಲು ಕೇಬಲ್ಲಿನಲ್ಲಿ ಹೋಗುತ್ತೆ, ಅದಕ್ಕೆ ಬಂದರೂ ಬೇಡ, ಕಂಟೇನರ್ರೂ ಬೇಡ. ಗೇಟಿನಲ್ಲಿ ಕೂತ ಕಸ್ಟಮ್ಸಿನವರಿಗೆ ನಮ್ಮಿಂದ ಆಗೋ ಕೆಲಸ ಅಂದರೆ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ನೋಡೋದು. ಹಾಗಾದರೆ ಒಂದು ಸಾಫ್ಟ್‌ವೇರ್ ಕಂಪನಿಗೆ ಎಸ್‌ಇಝಡ್ ಯಾಕೆ ಬೇಕಿತ್ತು? ಮುಖ್ಯ ಕಾರಣ ಆದಾಯ ತೆರಿಗೆ. ರಫ್ತಿನ ಲಾಭದ ಮೇಲೆ ಮೊದಲ 5 ವರ್ಷ ಪೂರ್ತಿ ಮಾಫಿ, ಮುಂದಿನ 5 ವರ್ಷ ಅರ್ಧ, ಅದರ ಮುಂದಿನ 5 ವರ್ಷ ಲಾಭವನ್ನು ಮತ್ತೆ ಉದ್ಯಮಕ್ಕೇ ಹಾಕಿದರೆ ಅರ್ಧದವರೆಗೆ ಅಂತ ನಿಯಮವಿತ್ತು.

ಮತ್ತೆ ಆ ಅಂಗಿಗೇ ಬರೋಣ. ನೂರು ರೂಪಾಯಿ ಅಂಗಿಯಲ್ಲಿ ಐದು ರೂಪಾಯಿ ಲಾಭ ಅಂದುಕೊಂಡರೆ, ತೆರಿಗೆ ಮೂರನೇ ಒಂದು ಭಾಗ ಅಂತಿಟ್ಟರೆ, ಮಾಫಿಯಿಂದ ಉಳಿಯೋದು ಒಂದೂ ಮುಕ್ಕಾಲು ರೂಪಾಯಿಯ ಒಳಗೆ. ನೂರು ರೂಪಾಯಿ ಸಾಫ್ಟ್‌ವೇರಿನಲ್ಲಿ ಇಪ್ಪತ್ತನಾಲ್ಕು ರೂಪಾಯಿ ಲಾಭ ಅಂದುಕೊಂಡರೆ ಉಳಿಯೋದು ಎಂಟು ರೂಪಾಯಿ. ಐದು ಸಾವಿರ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟು ಲಾಭಕ್ಕೆ ಒದ್ದಾಡೋನಿಗೆ ಚಿಲ್ಲರೆ, ಮೊದಲೇ ಕೊಬ್ಬಿದವನಿಗೆ ನೋಟು. ಎಷ್ಟು ಜನಕ್ಕೆ ಕೆಲಸ ಕೊಟ್ಟೆ ಅಂತ ಈ ಮಾಫಿ ಕೇಳ್ತಾನೇ ಇರಲಿಲ್ಲ, ಎಷ್ಟು ಲಾಭ ಮಾಡಿದೆ ಅಂತ ಮಾತ್ರ ಕೇಳ್ತಿತ್ತು. ಇಂಥ ನಿಯಮ ಬರೆದು "ಉದ್ಯೋಗ ಸೃಷ್ಟಿ" ಅಂತ ಬೋರ್ಡು ಹಾಕಿದರೆ ಕೊನೆಗೆ ಯಾರು ಬಂದು ಸೇರ್ತಾರೆ ಅನ್ನೋದಕ್ಕೆ ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಬಂದು ಸೇರಿದವರು ಯಾರು ಅಂತ ಮಹಾಲೇಖಪಾಲರು, ಅಂದರೆ ಸಿಎಜಿ, 2014ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿದೆ. ಒಪ್ಪಿಗೆ ಸಿಕ್ಕಿದ್ದು 576 ವಲಯಗಳಿಗೆ, ಅಧಿಸೂಚನೆ ಆಗಿದ್ದು 392, ನಿಜವಾಗಿ ಕೆಲಸ ಶುರು ಮಾಡಿದ್ದು 152. ಅರ್ಧಕ್ಕಿಂತ ಹೆಚ್ಚು ವಲಯಗಳು ಐಟಿ ಮತ್ತು ಐಟಿ ಸೇವೆಯವು. ಹಲವು ಬಗೆಯ ಸಾಮಾನು ತಯಾರಿಸೋ ದೊಡ್ಡ ವಲಯಗಳು ಹತ್ತರಲ್ಲಿ ಒಂದೂ ಇಲ್ಲ. 2006-07ರಿಂದ 2012-13ರವರೆಗೆ ಬಿಟ್ಟುಕೊಟ್ಟ ತೆರಿಗೆ 83,104 ಕೋಟಿ ರೂಪಾಯಿ, ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಆದಾಯ ತೆರಿಗೆ. ಇದೇನು ಯಾರಿಗೂ ಗೊತ್ತಿಲ್ಲದೆ ಆದ ಅನಾಹುತ ಅಲ್ಲ. 2006ರಲ್ಲೇ ಹಣಕಾಸು ಸಚಿವ ಚಿದಂಬರಂ ಮತ್ತು ವಾಣಿಜ್ಯ ಸಚಿವ ಕಮಲ್‌ನಾಥ್ ಒಂದೇ ಸಂಪುಟದಲ್ಲಿ ಕೂತು ಇದೇ ವಿಷಯಕ್ಕೆ ಕಿತ್ತಾಡಿದ್ದರು. ಬೊಕ್ಕಸ ಖಾಲಿಯಾಗುತ್ತೆ ಅಂದವರು ಒಬ್ಬರು, ಬಂಡವಾಳ ಹರಿದು ಬರುತ್ತೆ ಅಂದವರು ಇನ್ನೊಬ್ಬರು. ಗೆದ್ದವರು ಯಾರು ಅಂತ ನಮ್ಮ ಗಾಜಿನ ಕಟ್ಟಡಗಳನ್ನು ನೋಡಿದರೆ ತಿಳಿಯುತ್ತೆ.

"ಮಾಫಿ ಇಲ್ಲದಿದ್ದರೆ ಐಟಿ ಬರ್ತಾನೇ ಇರಲಿಲ್ಲ ಗುರೂ" ಅಂತ ಒಬ್ಬ ಸೀನಿಯರ್ ನನಗೆ ಪಾಠ ಹೇಳಿದ್ದಾರೆ. ಅವರಿಗೆ ಕ್ಯಾಲೆಂಡರ್ ತೋರಿಸಬೇಕು. ಕೆಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದ್ದು 1978ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ. ಎಸ್‌ಇಝಡ್ ಕಾಯ್ದೆಗೆ ಇಪ್ಪತ್ತು ವರ್ಷ ಮುಂಚೆ. ಅದಕ್ಕೆ ಬೇಕಿದ್ದದ್ದು ಅಮೆರಿಕಕ್ಕೆ ಡೇಟಾ ಕಳಿಸೋಕೆ ಉಪಗ್ರಹ ಸಂಪರ್ಕ ಮತ್ತು ಇಂಗ್ಲಿಷ್ ಬರೋ ಎಂಜಿನಿಯರುಗಳು. ಎಚ್‌ಎಎಲ್, ಬಿಇಎಲ್, ಐಟಿಐ, ಇಸ್ರೊ, ಟಾಟಾ ಇನ್‌ಸ್ಟಿಟ್ಯೂಟ್ ಇವೆಲ್ಲ ದಶಕಗಟ್ಟಲೆ ಬೆಳೆಸಿಟ್ಟ ಜನ ಇಲ್ಲಿದ್ದರು. ಬಹುಪಾಲು ಸಾರ್ವಜನಿಕರ ದುಡ್ಡು. 1991ರಿಂದ ಎಸ್‌ಟಿಪಿಐ ಬಂತು. ಅದೂ ತೆರಿಗೆ ಬಿಟ್ಟಿತು ನಿಜ, ಆದರೆ ಅದು ಕೊಟ್ಟ ನಿಜವಾದ ಉಪಕಾರ ಡೇಟಾ ಲೈನು. ಆಗ ಉದ್ಯಮ ಕೂಸು, ಎತ್ತಿಕೊಂಡಿದ್ದು ಸರಿ. ಮೀಸೆ ಬಂದ ಮೇಲೂ ಸೊಂಟದ ಮೇಲಿಂದ ಇಳಿಯಲ್ಲ ಅಂದರೆ?

ಇಳಿಸೋ ದಿನ ಗೊತ್ತಾಗಿತ್ತು: ಎಸ್‌ಟಿಪಿಐ ತೆರಿಗೆ ಮಾಫಿ 2011ರ ಮಾರ್ಚ್ 31ಕ್ಕೆ ಮುಗೀಬೇಕಿತ್ತು, ಮುಗೀತು. ಆ ಹೊತ್ತಿಗೆ ಏನಾಯ್ತು ಅಂತ ಈ ಪುಸ್ತಕ ಹಿಡಿದಿರೋ ನಿಮ್ಮಲ್ಲಿ ಅರ್ಧ ಜನ ಕಣ್ಣಾರೆ ಕಂಡಿದ್ದೀರಿ. ಹಳೆ ಕಟ್ಟಡದಿಂದ ಎಸ್‌ಇಝಡ್ ಕಟ್ಟಡಕ್ಕೆ ವಲಸೆ. ಹೊಸ ಪ್ರಾಜೆಕ್ಟು ಬಂದರೆ ಅಲ್ಲಿಗೇ, ಹೊಸ ಹುಡುಗರು ಸೇರಿದರೆ ಅಲ್ಲಿಗೇ. ಇದ್ದ ಉದ್ಯಮವನ್ನೇ ಒಡೆದು ಸಾಗಿಸಿ ಮಾಫಿ ತಗೋಬಾರದು ಅಂತ ಕಾನೂನಿತ್ತು. ಬಳಸಿದ ಯಂತ್ರಗಳು ಒಟ್ಟು ಬೆಲೆಯ ಶೇ 20ರಷ್ಟು ದಾಟಬಾರದು ಅಂತಲೂ ಇತ್ತು. ಹಾಗಾಗಿ ನಮ್ಮಲ್ಲಿ ಹಳೇ ಮಾನಿಟರು, ಹಳೇ ಸಿಪಿಯು ಅಲ್ಲೇ ಬಿಟ್ಟು, ಮನುಷ್ಯರನ್ನು ಮಾತ್ರ ಬಸ್ಸಿನಲ್ಲಿ ಕೂರಿಸಿ ಕಳಿಸಿದರು. ಅದೇ ಟೀಮು, ಅದೇ ಮ್ಯಾನೇಜರು, ಕ್ಯೂಬಿಕಲ್ ಮಾತ್ರ ಬೇರೆ. ಹೊಸ ಬಂಡವಾಳ ಅಂತ ಕಾಗದದಲ್ಲಿ ಬರೆದಿದ್ದು ಹೊಸ ಟೈಲ್ಸು, ಹೊಸ ಕುರ್ಚಿ. ದಿನಕ್ಕೆ ಒಂದೂವರೆ ಗಂಟೆ ಜಾಸ್ತಿ ಟ್ರಾಫಿಕ್ಕಿನಲ್ಲಿ ಕೂತಿದ್ದು ನಮ್ಮ ಕೊಡುಗೆ.

ಆಮೇಲೆ ತಮಾಷೆ ನೋಡಿ. 2011ರ ಬಜೆಟ್ಟಿನಲ್ಲಿ ಪ್ರಣಬ್ ಮುಖರ್ಜಿ ಎಸ್‌ಇಝಡ್ ಕಂಪನಿಗಳಿಗೂ ಶೇ 18.5ರ ಕನಿಷ್ಠ ಪರ್ಯಾಯ ತೆರಿಗೆ ಹಾಕಿದರು. ಹದಿನೈದು ವರ್ಷದ ಮಾತು ಕೊಟ್ಟು ಆರನೇ ವರ್ಷಕ್ಕೆ ಮುರಿದರು. ಐಟಿ ಕಂಪನಿಗಳು ಬೆಂಗಳೂರು ಬಿಟ್ಟು ಓಡಿಹೋದವಾ? ಗೊಣಗಿಕೊಂಡೇ ಮತ್ತೆರಡು ಟವರ್ ಕಟ್ಟಿದವು. ಏಟು ಬಿದ್ದಿದ್ದು ತಯಾರಿಕೆಗೆ ಬರೋಣ ಅಂತ ಯೋಚಿಸ್ತಿದ್ದವರಿಗೆ. ಯಂತ್ರ ತಂದು ನೆಲಕ್ಕೆ ಬೋಲ್ಟ್ ಹಾಕಿದವನು ನಾಳೆ ಎತ್ತಿಕೊಂಡು ಹೋಗೋಕಾಗಲ್ಲ. ಈ ಸರ್ಕಾರದ ಮಾತಿಗೆ ಆಯಸ್ಸೆಷ್ಟು ಅಂತ ಅವನು ಲೆಕ್ಕ ಹಾಕ್ತಾನೆ. ಕೊಡಬಾರದವರಿಗೆ ಕೊಟ್ಟು, ನಂಬಿ ಬರಬೇಕಾದವರ ನಂಬಿಕೆ ಕೆಡಿಸಿಕೊಂಡಿದ್ದು, ಎರಡೂ ಒಂದೇ ನೀತಿಯಲ್ಲಿ!

ಶ್ರೀಪೆರಂಬದೂರಿನ ನೋಕಿಯಾ ಕಥೆ ಇದೇ ಮಾತಿಗೆ ಇನ್ನೊಂದು ಮುಖ. 2006ರಲ್ಲಿ ಶುರುವಾದ ಆ ಕಾರ್ಖಾನೆ ಈ ದೇಶದ ಎಸ್‌ಇಝಡ್ ನೀತಿಯ ಪೋಸ್ಟರ್ ಹುಡುಗ. ಒಂದು ಕಾಲಕ್ಕೆ ಸುಮಾರು 8,000 ಜನ ನೇರವಾಗಿ ಅಲ್ಲೇ ಕೆಲಸ ಮಾಡ್ತಿದ್ದರು, ಬಹಳಷ್ಟು ಜನ ಸುತ್ತಲ ಜಿಲ್ಲೆಗಳ ಹಳ್ಳಿ ಹುಡುಗಿಯರು. ಬಿಡಿಭಾಗ ಮಾಡೋ ಕಂಪನಿಗಳೂ ಹಿಂದೆಯೇ ಬಂದು ಪಕ್ಕದಲ್ಲೇ ನೆಲೆಯೂರಿದವು. ನಿಮ್ಮ ಮೊದಲ ಮೊಬೈಲು ಅಲ್ಲಿಂದಲೇ ಬಂದಿರಬಹುದು, ಬ್ಯಾಟರಿ ತೆಗೆದರೆ ಒಳಗೆ ಮೇಡ್ ಇನ್ ಇಂಡಿಯಾ ಅಂತ ಇರ್ತಿತ್ತು. ಟಚ್‌ಸ್ಕ್ರೀನ್ ಬಂದು ನೋಕಿಯಾದ ಮಾರುಕಟ್ಟೆ ಕುಸಿಯಿತು. 2013ರಲ್ಲಿ ಆದಾಯ ತೆರಿಗೆಯವರ ಸಾವಿರಾರು ಕೋಟಿಯ ನೋಟಿಸು, ಅದರ ಬೆನ್ನಿಗೇ ತಮಿಳುನಾಡಿನ ವ್ಯಾಟ್ ನೋಟಿಸು. ಮೈಕ್ರೊಸಾಫ್ಟ್ ನೋಕಿಯಾದ ಫೋನ್ ವ್ಯಾಪಾರ ಕೊಂಡಾಗ ತಗಾದೆಯಲ್ಲಿದ್ದ ಈ ಒಂದು ಕಾರ್ಖಾನೆಯನ್ನು ಬಿಟ್ಟು ಹೋಯಿತು. 2014ರ ನವೆಂಬರ್ 1ಕ್ಕೆ, ನಾವಿಲ್ಲಿ ರಾಜ್ಯೋತ್ಸವ ಮಾಡ್ತಿದ್ದ ದಿನ, ಅಲ್ಲಿ ಬಾಗಿಲು ಹಾಕಿತು. ಇಪ್ಪತ್ತೈದನೇ ವಯಸ್ಸಿಗೆ ವಿಆರ್‌ಎಸ್ ತಗೊಂಡು ಊರಿಗೆ ವಾಪಸ್ ಹೋಗೋದು ಅಂದರೆ ಏನು ಅಂತ, ನೋಟಿಸ್ ಪೀರಿಯಡ್ಡಿನಲ್ಲೇ ಮೂರು ಆಫರ್ ಹಿಡ್ಕೊಂಡು ಕೂರೋ ನಾವು ಸ್ವಲ್ಪ ಕಷ್ಟಪಟ್ಟು ಊಹಿಸಬೇಕು. ಮಾಫಿ ತೋರಿಸಿ ಕರೆದ ಸರ್ಕಾರಕ್ಕೆ ಈ ಹುಡುಗಿಯರ ಬಗ್ಗೆ ಕಂಪನಿಯನ್ನು ಕೇಳೋಕೆ ಕೈಯಲ್ಲಿ ಏನೂ ಇರಲಿಲ್ಲ. ಕೆಲಸದ ಲೆಕ್ಕಕ್ಕೂ ರಿಯಾಯಿತಿಗೂ ಗಂಟು ಹಾಕಿದ್ದರೆ ತಾನೇ ಕೇಳೋದು?

ಸರಿ, ಶೆನ್‌ಜೆನ್. ಎಲ್ಲರೂ ಅದರ ಹೆಸರು ಹೇಳ್ತಾರೆ. ಮುರಸೋಳಿ ಮಾರನ್ ವಾಣಿಜ್ಯ ಸಚಿವರಾಗಿದ್ದಾಗ ಚೀನಾ ವಲಯಗಳನ್ನು ನೋಡಿ ಬಂದು 2000ನೇ ಇಸವಿಯಲ್ಲಿ ನಮ್ಮಲ್ಲೂ ಎಸ್‌ಇಝಡ್ ನೀತಿ ಪ್ರಕಟಿಸಿದರು. ನೋಡಿದ್ದು ಏನು, ತಂದಿದ್ದು ಏನು? ಚೀನಾ 1980ರಲ್ಲಿ ಆರಿಸಿದ್ದು ಬರೀ ನಾಲ್ಕು ಜಾಗ: ಶೆನ್‌ಜೆನ್, ಝುಹೈ, ಶಾಂತೌ, ಶಿಯಾಮೆನ್. ನಾಲ್ಕೂ ಸಮುದ್ರದ ದಡ, ನಾಲ್ಕೂ ಹೊರದೇಶದ ಚೀನೀ ವ್ಯಾಪಾರಿಗಳ ನಂಟಿದ್ದ ಕಡೆ. ಶೆನ್‌ಜೆನ್ ಇದ್ದ ತಾಲ್ಲೂಕಿನ ರೈತರು ಅದಕ್ಕೆ ಮುಂಚೆ ರಾತ್ರೋರಾತ್ರಿ ನೀರಿಗೆ ಬಿದ್ದು ಈಜಿ ಹಾಂಗ್‌ಕಾಂಗ್ ಸೇರ್ತಿದ್ದರು. ಆಮೇಲೆ ಅದೇ ಹಾಂಗ್‌ಕಾಂಗಿನ ಬಂಡವಾಳ ಈ ಕಡೆ ದಾಟಿ ಬಂತು. ಅಲ್ಲಿ ಮಜೂರಿ, ಬಾಡಿಗೆ ದುಬಾರಿಯಾಗಿತ್ತು, ಇಲ್ಲಿ ಕೈಗಳು ಖಾಲಿ ಇದ್ದವು, ನಡುವೆ ಒಂದು ಸಣ್ಣ ನದಿ. ತೆರಿಗೆಯೂ ಕಮ್ಮಿ ಇತ್ತು, ಶೇ 15.

ಶೆನ್‌ಜೆನ್ ವಲಯದ ಮೂಲ ವಿಸ್ತೀರ್ಣ 327.5 ಚದರ ಕಿಲೋಮೀಟರ್, ಅಂದರೆ 32,750 ಹೆಕ್ಟೇರ್. ಸಿಎಜಿ ವರದಿಯಲ್ಲಿದ್ದ ನಮ್ಮ 392 ವಲಯಗಳದ್ದು ಒಟ್ಟು ಸೇರಿ 45,635 ಹೆಕ್ಟೇರ್. ಆ ಎಲ್ಲ ವಲಯಗಳನ್ನೂ ಒಟ್ಟಿಗೆ ಹೊಲಿದರೆ ಒಂದೂವರೆ ಶೆನ್‌ಜೆನ್ ಕೂಡ ಆಗಲ್ಲ! ಐಟಿ ವಲಯಕ್ಕೆ 10 ಹೆಕ್ಟೇರ್ ಸಾಕಿತ್ತು, ಇಪ್ಪತ್ತೈದು ಎಕರೆ, ನಮ್ಮೂರ ಪಟೇಲರ ತೆಂಗಿನ ತೋಟದಷ್ಟು. 2013ರಲ್ಲಿ ಆ ಮಿತಿಯನ್ನೂ ತೆಗೆದರು, ಕಟ್ಟಡ ಇಷ್ಟು ದೊಡ್ಡದಿದ್ದರೆ ಸಾಕು ಅಂದರು. ಇಷ್ಟಗಲ ಜಾಗದಲ್ಲಿ ಬಂದರು ಕಟ್ತೀರಾ, ಕಾರ್ಮಿಕರಿಗೆ ಮನೆ ಕಟ್ತೀರಾ? ಪಾರ್ಕಿಂಗ್ ಕಟ್ಟಬಹುದು.

ಇನ್ನೊಂದು, ನಮ್ಮ ಕಸುಬಿನವರಿಗೆ ಸುಲಭವಾಗಿ ಅರ್ಥವಾಗೋ ಮಾತು. ಡೆಂಗ್ ಕ್ಸಿಯೋಪಿಂಗ್‌ಗೆ ಶೆನ್‌ಜೆನ್ ಅಂದರೆ ಟೆಸ್ಟ್ ಸರ್ವರ್. ಇಡೀ ದೇಶಕ್ಕೆ ಹೊಸ ನಿಯಮ ಹಾಕೋ ಮುಂಚೆ ಅಲ್ಲಿ ಓಡಿಸಿ ನೋಡಿದರು: ಕೆಲಸದ ಗುತ್ತಿಗೆ, ದುಡಿಮೆಗೆ ತಕ್ಕ ಕೂಲಿ, ಭೂಮಿಯ ಬಳಕೆ ಹಕ್ಕಿನ ಹರಾಜು. 1992ರಲ್ಲಿ ತನ್ನದೇ ಕಾನೂನು ಮಾಡಿಕೊಳ್ಳೋ ಅಧಿಕಾರವನ್ನೂ ಆ ಊರಿಗೆ ಕೊಟ್ಟರು. ಸರಿ ಹೋಗಿದ್ದನ್ನು ಬೇರೆ ಊರುಗಳಿಗೆ ಹಂಚಿದರು. ನಮ್ಮ ಆ 152 ವಲಯಗಳಲ್ಲಿ ಏನನ್ನು ಪರೀಕ್ಷೆ ಮಾಡಿ ದೇಶಕ್ಕೆ ಹಂಚಿದ್ದೀವಿ? ಗೇಟಿನ ಒಳಗೆ ಒಂದೇ ಕಿಟಕಿಯಲ್ಲಿ ಅನುಮತಿ ಸಿಗುತ್ತೆ ಅಂದರೆ, ಹೊರಗೆ ಪೀಣ್ಯದಲ್ಲಿ ಹತ್ತು ಜನರನ್ನಿಟ್ಟುಕೊಂಡು ಲೇತ್ ಓಡಿಸೋನಿಗೆ ಅದೇ ಕಿಟಕಿ ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ.

ಶೆನ್‌ಜೆನ್‌ನ್ನು ನಾನೇನು ಪೂಜೆ ಮಾಡ್ತಿಲ್ಲ. ಅಲ್ಲಿ ಭೂಮಿ ಸರ್ಕಾರದ್ದು, ಎದುರು ಮಾತಾಡೋಕೆ ಸ್ವತಂತ್ರ ಕಾರ್ಮಿಕ ಸಂಘ ಇಲ್ಲ, ಹಳ್ಳಿಯಿಂದ ಬಂದವನಿಗೆ ಊರಿನ ಕಾಯಂ ನಿವಾಸಿ ಅನ್ನೋ ಚೀಟಿ ಸುಲಭಕ್ಕೆ ಸಿಗಲ್ಲ. 2010ರಲ್ಲಿ ಫಾಕ್ಸ್‌ಕಾನ್ ಕಾರ್ಮಿಕರು ಸಾಲಾಗಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಕಟ್ಟಡದ ಸುತ್ತ ಬಲೆ ಕಟ್ಟಿದ್ದೂ ಅದೇ ಊರಿನಲ್ಲೇ. "ಚೈನಾ ನೋಡ್ರೀ" ಅನ್ನೋರು ಆ ಬಲೆಯನ್ನೂ ಒಂದು ಸಲ ನೋಡಬೇಕು.

ಈಗ ಜಮೀನು. ಶೆನ್‌ಜೆನ್‌ನಿಂದ ನಾವು ತಂದಿದ್ದು ಹೆಸರು, ಮಾಫಿ, ಮತ್ತೆ ಜಮೀನಿನ ಹಸಿವು. ನಂದಿಗ್ರಾಮದಲ್ಲಿ ಕೆಮಿಕಲ್ ಹಬ್ಬಿಗೆ ಜಾಗ ಅಂತ ಹೊರಟು 2007ರ ಮಾರ್ಚ್ 14ರಂದು ಪೊಲೀಸರ ಗುಂಡಿಗೆ ಬಡ ರೈತರು ಸತ್ತರು. ರಾಯಗಡದಲ್ಲಿ ರಿಲಯನ್ಸ್‌ನ ಮಹಾ ಮುಂಬೈ ಎಸ್‌ಇಝಡ್‌ಗೆ ಸಾವಿರಾರು ಎಕರೆ ಕೇಳಿದರು. 2008ರಲ್ಲಿ 22 ಹಳ್ಳಿಗಳ ರೈತರ ಅಭಿಪ್ರಾಯವನ್ನು ಸರ್ಕಾರವೇ ಕೇಳಬೇಕಾಗಿ ಬಂತು, ಯೋಜನೆ ನೆಲ ಕಚ್ಚಿತು. ಗೋವಾ ಸರ್ಕಾರ 2007ರ ಕೊನೆಗೆ ನಮಗೆ ಈ ವಲಯಗಳೇ ಬೇಡ ಅಂತ ಕೈ ತೊಳೆದುಕೊಂಡಿತು. ನಮ್ಮ ಮಂಗಳೂರಿನಲ್ಲಿ ಒಎನ್‌ಜಿಸಿ ಮತ್ತು ಕೆಐಎಡಿಬಿ ಪಾಲಿರೋ ಎಂಎಸ್‌ಇಝಡ್‌ಗೆ ಮೊದಲ ಹಂತದಲ್ಲಿ ಸುಮಾರು 1,800 ಎಕರೆ ಹೋಯಿತು. ಕಂಗು, ತೆಂಗು, ಭತ್ತದ ಗದ್ದೆ, ನಾಗಬನ, ದೈವಸ್ಥಾನ. ಎರಡನೇ ಹಂತಕ್ಕೆ ಇನ್ನೊಂದು ಎರಡು ಸಾವಿರ ಎಕರೆ ಅಂತ ಬಂದಾಗ ಪೆರ್ಮುದೆ, ಕುತ್ತೆತ್ತೂರು, ಎಕ್ಕಾರು ಕಡೆಯವರು ಪಟ್ಟು ಹಿಡಿದು ಕೂತರು, 2011ರಲ್ಲಿ ಸರ್ಕಾರ ಅದನ್ನು ಡಿನೋಟಿಫೈ ಮಾಡಿತು. ಅಭಿವೃದ್ಧಿ ನಿಂತುಹೋಯಿತು ಅಂತ ಆಗ ನಮ್ಮ ಇಂಗ್ಲಿಷ್ ಚಾನೆಲ್ಲುಗಳು ಗೋಳಾಡಿದವು. ಪೆಟ್ರೋಕೆಮಿಕಲ್ ಘಟಕಕ್ಕೆ ಸಾವಿರಾರು ಕೋಟಿ ಸುರಿದರೂ ಕಾಯಂ ಕೆಲಸ ಸಿಗೋದು ನೂರರ ಲೆಕ್ಕದಲ್ಲಿ. ಎರಡು ಎಕರೆ ಗದ್ದೆ ಕಳ್ಕೊಂಡ ಮನೆಯ ಪಿಯುಸಿ ಹುಡುಗನಿಗೆ ಅಲ್ಲಿ ಯಾವ ಕುರ್ಚಿ ಇದೆ ಅಂತ ಯಾವ ಚಾನೆಲ್ಲೂ ಕೇಳಲಿಲ್ಲ.

ಡಿನೋಟಿಫೈ ಅನ್ನೋ ಪದ ಕನ್ನಡಿಗರಿಗೆ ಹೊಸದಲ್ಲ, ಅದರ ಹೆಸರಲ್ಲಿ ಸರ್ಕಾರಗಳೇ ಅಲುಗಾಡಿವೆ. ಆದರೆ ಎಸ್‌ಇಝಡ್ ಡಿನೋಟಿಫಿಕೇಶನ್‌ಗೆ ಇನ್ನೊಂದು ರೂಪವೂ ಇದೆ. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ವಲಯಕ್ಕೆ ಅಂತ ಅಧಿಸೂಚಿಸಿದ್ದ 5,402 ಹೆಕ್ಟೇರ್ ಭೂಮಿಯನ್ನು ಡಿನೋಟಿಫೈ ಮಾಡಿ ವಾಣಿಜ್ಯ ಬಳಕೆಗೆ ತಿರುಗಿಸಲಾಗಿದೆ ಅಂತ ಅದೇ ಸಿಎಜಿ ವರದಿ ಹೇಳುತ್ತೆ. ಹದಿಮೂರು ಸಾವಿರ ಎಕರೆಗೂ ಮೇಲೆ. ಸಾರ್ವಜನಿಕ ಉದ್ದೇಶ ಅಂತ ಹೇಳಿ ಸರ್ಕಾರ ರೈತನ ಕೈಯಿಂದ ಬಿಡಿಸಿಕೊಳ್ಳೋದು, ಡೆವಲಪರ್‌ಗೆ ಕೊಡೋದು, ರಫ್ತೂ ಇಲ್ಲ ಉದ್ಯೋಗವೂ ಇಲ್ಲ ಅಂತಾದ ಮೇಲೆ ವಲಯದ ಬೋರ್ಡು ಕಿತ್ತು ಬೇರೆ ಬೋರ್ಡು ನೆಡೋದು. ಅಷ್ಟರಲ್ಲಿ ಎಕರೆ ಬೆಲೆ ಎಲ್ಲಿಗೆ ಹೋಗಿರುತ್ತೆ ಅಂತ ಸೈಟಿಗಾಗಿ ಅಲೆದ ಪ್ರತಿಯೊಬ್ಬ ಟೆಕ್ಕಿಗೂ ಗೊತ್ತು. ರೈತನಿಗೆ ಅದರಲ್ಲಿ ಚಿಕ್ಕಾಸಿಲ್ಲ.

"ಈಗ 2013ರ ಹೊಸ ಕಾಯ್ದೆ ಇದೆಯಲ್ಲ, ಶೇ 80 ರೈತರು ಒಪ್ಪಬೇಕಲ್ಲ" ಅಂತ ನೀವು ಕೇಳಬಹುದು. ಕರ್ನಾಟಕದಲ್ಲಿ ಕೈಗಾರಿಕೆಗೆ ಭೂಮಿ ಹೋಗೋದು ಹೆಚ್ಚಾಗಿ ರಾಜ್ಯದ 1966ರ ಕೆಐಎಡಿಬಿ ಕಾಯ್ದೆಯಲ್ಲಿ. ದಿಲ್ಲಿಯ ಕಾಯ್ದೆಯ ಒಪ್ಪಿಗೆ ನಿಯಮ ಅದಕ್ಕೆ ತಾಕೋದಿಲ್ಲ. ನಗರದವರಿಗೆ ಇದು ಗೊತ್ತಿಲ್ಲ, ಹಳ್ಳಿಯಲ್ಲಿ ಮುದುಕರಿಗೂ ಸೆಕ್ಷನ್ ನಂಬರ್ ಬಾಯಿಪಾಠ. "28(1) ಬಂದೈತೆ" ಅಂದರೆ ಮೊದಲ ನೋಟಿಸು, "28(4) ಆಯ್ತು" ಅಂದರೆ ಮುಗೀತು ಅಂತ. ಹಾಗೆ ಹೋದ ಭೂಮಿಯನ್ನು ಬಹಳ ಸಲ ಲೀಸ್ ಕಮ್ ಸೇಲ್ ಅಂತ ಕೊಡ್ತಾರೆ, ಅಂದರೆ ಕೆಲವು ವರ್ಷಕ್ಕೆ ಕಂಪನಿಯ ಹೆಸರಿಗೇ ಕ್ರಯಪತ್ರ. ಸುಗ್ರೀವಾಜ್ಞೆ ಬೇಕು ಅಂತ ವಾದ ಮಾಡಿದ ಗೆಳೆಯರೇ, ಈ ರಾಜ್ಯದಲ್ಲಿ ನಿಮಗೆ ಬೇಕಾದ ಕಾನೂನು 1966ರಿಂದಲೇ ಹತ್ತಿರ ಹತ್ತಿರ ಇದ್ದೇ ಇದೆ. ಹಾಗಿದ್ದರೂ ಶೆನ್‌ಜೆನ್ ಯಾಕೆ ಆಗಲಿಲ್ಲ? ರೈತರು ಅಡ್ಡ ಕೂತದ್ದಕ್ಕೆ ಅನ್ನೋ ಉತ್ತರ ಇಲ್ಲಿ ನಡೆಯಲ್ಲ.

ನನ್ನ ಬೇಡಿಕೆ ಕ್ರಾಂತಿಯೇನಲ್ಲ. ಹೊಸ ಸಾಫ್ಟ್‌ವೇರ್ ಘಟಕಗಳಿಗೆ ಲಾಭದ ಮೇಲಿನ ಮಾಫಿಯನ್ನು ಮತ್ತೆ ತರಬೇಡಿ. ನಮ್ಮ ಕಂಪನಿಗಳು ಎಲ್ಲಿಗೂ ಹೋಗಲ್ಲ, ಹೋಗೋದಾದರೆ ಟ್ರಾಫಿಕ್ ನೋಡಿ ಹೋಗ್ತವೆ. ರಿಯಾಯಿತಿ ಕೊಡಲೇಬೇಕು ಅಂದರೆ ಪಿಎಫ್ ಖಾತೆಗಳ ಲೆಕ್ಕದಲ್ಲಿ ಕೊಡಿ, ಇಷ್ಟು ಜನಕ್ಕೆ ಕೆಲಸ ಇದ್ದರೆ ಇಷ್ಟು ಅಂತ, ಜನ ಕಮ್ಮಿ ಆದ ದಿನ ರಿಯಾಯಿತಿಯೂ ಕಮ್ಮಿ. ವಲಯ ಮಾಡಿದರೆ ಮೂರೋ ನಾಲ್ಕೋ ಮಾಡಿ, ದೊಡ್ಡದಾಗಿ, ಬಂದರಿನ ಹತ್ತಿರ, ಕೆಲಸಗಾರರಿಗೆ ಹಾಸ್ಟೆಲು, ಆಸ್ಪತ್ರೆ ಸಮೇತ. ಭೂಮಿಯನ್ನು ಮಾರಬೇಡಿ, ಗೇಣಿಗೆ ಕೊಡಿ, ಆ ಗೇಣಿಯಲ್ಲಿ ಪಹಣಿದಾರನಿಗೂ ವರ್ಷಾವರ್ಷ ಪಾಲಿರಲಿ. ನಮ್ಮಪ್ಪ ಹೇಳೋದು ಇಷ್ಟೇ: "ಫ್ಯಾಕ್ಟರಿಗೆ ಅಂತ ಕೇಳಿದ್ರೆ ಕೊಡಾಣ ಕಣಪ್ಪ. ಫ್ಯಾಕ್ಟರಿ ಬರ್ಲಿಲ್ಲ ಅಂದ್ರೆ ವಾಪಸ್ ಕೊಡ್ತಾರಾ ಕೇಳು." ಕೇಳೋಕೆ ಒಂದು ಜಾಗವೂ ಇದೆ. 2013ರ ಕಾಯ್ದೆಯ 101ನೇ ಸೆಕ್ಷನ್ ಪ್ರಕಾರ ಐದು ವರ್ಷ ಬಳಸದೆ ಬಿಟ್ಟ ಭೂಮಿ ಮೂಲ ಮಾಲೀಕನಿಗೋ ಸರ್ಕಾರದ ಲ್ಯಾಂಡ್ ಬ್ಯಾಂಕಿಗೋ ಮರಳಬೇಕು. 2014ರ ಡಿಸೆಂಬರ್ 31ರ ಸುಗ್ರೀವಾಜ್ಞೆ ಆ ಸಾಲನ್ನೂ ತಿದ್ದಿತ್ತು: ಐದು ವರ್ಷ ಅಥವಾ ಯೋಜನೆಗೆ ಗೊತ್ತುಮಾಡಿದ ಅವಧಿ, ಯಾವುದು ತಡವೋ ಅದು. ಅವಧಿಯನ್ನು ಗೊತ್ತುಮಾಡೋದು ಯೋಜನೆ ಬರೆದವರೇ. ಆ ಸುಗ್ರೀವಾಜ್ಞೆ 2015ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಬೆಂಗಳೂರಿನ ಮೂರೂ ಸೀಟಿಗೆ ನಾವು ಟೆಕ್ಕಿಗಳು ಬಿಸಿಲಲ್ಲಿ ನಿಂತು ವೋಟ್ ಹಾಕಿ, ಬೆರಳಿನ ಫೋಟೋ ಹಾಕಿಕೊಂಡಿದ್ದೀವಿ. ಆ ಮೂವರಿಗೆ ಒಂದೊಂದು ಮೇಲ್ ಬರೆದು ಕೇಳೋಣ: ಅಂಥ ಒಂದು ಸಾಲಿನ ತಿದ್ದುಪಡಿ ಮತ್ತೆ ಬಂದರೆ ನಿಮ್ಮ ಕೈ ಮೇಲೇಳುತ್ತಾ, ಇಲ್ವಾ?